ಟೂಂಗಾಬಿಯ ಬಿಸಿಲಿಗೆ ಒಣಗಿದ ಬ್ರೆಡ್ಡು

ಕಟ್ಲೆಟ್ಟಿಗೆ ಪುಡಿ ಮಾಡೋಣ ಅಂತ ಹಳೇ ಬ್ರೆಡ್ಡಿನ ಚೂರುಗಳನ್ನು ಓವನ್ನಿನಲ್ಲಿ ಸಣ್ಣ ಉರಿಗೆ ಇಟ್ಟು, ತುಳಸಿಗೆ ನೀರು ಹಾಕಲು ಹೋದವಳು ಮರೆತೇಬಿಟ್ಟೆ. ವಾಪಸ್ಸು ಬಂದಾಗ ಮೆಲ್ಬರ್ನಿನ ಟ್ರುಗನಿನಾದ ಈ ಮನೆಯ ಅಡುಗೆಮನೆ ತುಂಬ ಒಂದು ವಾಸನೆ. ಸೀದ ವಾಸನೆಯಲ್ಲ. ಗೋಧಿ ತನ್ನೊಳಗೆ ಉಳಿದಿದ್ದ ಕೊನೆಯ ತೇವವನ್ನೂ ಬಿಟ್ಟು ಗಟ್ಟಿಯಾಗುವಾಗ ಬರುತ್ತಲ್ಲ, ಆ ವಾಸನೆ. ನಿಂತಲ್ಲೇ ನಿಂತುಬಿಟ್ಟೆ...

"ಅಮ್ಮಾ, ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ, ಕಿಟಕಿ ತೆಗೀರಿ" ಅಂತ ಸೊಸೆ ಮಹಡಿಯಿಂದ ಕೂಗಿದಳು. ತೆಗೆದೆ. ವಾಸನೆ ಹೋಯಿತು. ಅದರ ಜೊತೆಗೆ ಎದ್ದ ಸಿಟ್ಟು ಮಾತ್ರ ಹೋಗಲಿಲ್ಲ. ಮೂವತ್ತು ವರ್ಷ ದಾಟಿತು. ದಿನಾ ಎರಡು ಹೊತ್ತು ದೀಪ ಹಚ್ಚುತ್ತೇನೆ, ಸಹಸ್ರನಾಮ ಓದುತ್ತೇನೆ, ಯಾರಿಗೂ ಕೆಟ್ಟದ್ದು ಬಯಸುವವಳಲ್ಲ. ಆದರೂ ಈ ಒಂದು ವಿಷಯಕ್ಕೆ ನನ್ನ ಮನಸ್ಸು ತಣ್ಣಗಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಸಿಡ್ನಿಗೆ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನಮ್ಮೆಜಮಾನರಿಗೆ ಪ್ಯಾರಮಟ್ಟಾದ ಕಡೆ ರೈಲ್ವೆ ಸಿಗ್ನಲ್ಲಿನ ಕೆಲಸ. ಟೂಂಗಾಬಿಯಲ್ಲಿ ರೆಂಟಿಗೆ ಸಿಕ್ಕಿದ್ದು ಒಂದು ಇಟ್ಟಿಗೆ ಮನೆ. ಹಿಂದುಗಡೆ ದೊಡ್ಡ ಅಂಗಳ, ಪಕ್ಕದ ಮನೆಗೂ ನಮಗೂ ನಡುವೆ ಮರದ ಬೇಲಿ, ಆ ಬೇಲಿಯಲ್ಲಿ ಒಂದು ಹಲಗೆ ಕಿತ್ತುಹೋಗಿತ್ತು. ಆಗ ಅಲ್ಲಿ ಈಗಿನ ಹಾಗೆ ಇಂಡಿಯನ್ ಅಂಗಡಿಗಳ ಸಾಲು ಇರಲಿಲ್ಲ. ಬೆಳಗ್ಗೆ ಇವರು ಹೊರಟರೆ ಸಂಜೆಯ ತನಕ ನನಗೆ ಮಾತಾಡಲು ದೇವರ ಪಟಗಳು ಮಾತ್ರ. ಆ ದೇವರೇ ಆ ಹಲಗೆಯನ್ನು ಕಿತ್ತಿಟ್ಟಿದ್ದ ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಂದ ಹೊಸತರಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತಾ ಆ ಸಂದಿಯಿಂದ ನೋಡುತ್ತೇನೆ, ಪಕ್ಕದ ಅಂಗಳದಲ್ಲಿ ಬಿಳೀ ಹಾಸಿಗೆ ಬಟ್ಟೆ ಹಾಸಿದ್ದಾರೆ, ಅದರ ತುಂಬ ಬಿಳೀ ಬಿಳೀ ಚೂರು ಹರಡಿದ್ದಾರೆ. ಸಂಡಿಗೆ! ಈ ದೇಶದಲ್ಲಿ ಸಂಡಿಗೆ ಇಡುವವರು ಯಾರಪ್ಪಾ, ನಮ್ಮ ಕಡೆಯವರೇ ಇರಬೇಕು... ಅಷ್ಟರಲ್ಲಿ ಎರಡು ಮ್ಯಾಗ್‌ಪೈ ಹಕ್ಕಿಗಳು ಬೇಲಿಯ ಮೇಲೆ ಬಂದು ಕೂತವು. ನಾನು ಹಿಂದೆ ಮುಂದೆ ನೋಡಲಿಲ್ಲ. ಒಳಗೆ ಓಡಿಹೋಗಿ ಇವರ ಕಪ್ಪು ಕೊಡೆ ತಂದೆ. ಸೀರೆ ಎತ್ತಿ ಕಟ್ಟಿ ಬೇಲಿಯ ಸಂದಿಯಲ್ಲಿ ನುಸುಳಿ, ನಮ್ಮೂರಿನಲ್ಲಿ ಕಾಗೆ ಬೆದರಿಸಲು ಇಡುವ ಹಾಗೆ ಆ ಬಟ್ಟೆಯ ಪಕ್ಕ ಕೊಡೆಯನ್ನು ಬಿಚ್ಚಿ ನಿಲ್ಲಿಸಿದೆ.

ಹಿಂದಿನ ಬಾಗಿಲು ತೆಗೆದು ಒಬ್ಬ ದಪ್ಪನೆಯ ಹೆಂಗಸು ಹೊರಗೆ ಬಂದರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬೇಕು. ಕೊರಳಲ್ಲಿ ಶಿಲುಬೆ, ತೋಳಿನ ತನಕ ಹಿಟ್ಟು. ಒಂದು ಮೋಡವೂ ಇಲ್ಲದ ಆಕಾಶ ನೋಡಿದರು, ಕೊಡೆ ನೋಡಿದರು, ಸೀರೆ ಎತ್ತಿ ಕಟ್ಟಿದ ನನ್ನನ್ನು ನೋಡಿದರು.

"ಮಳೆ ಇಲ್ಲವಲ್ಲ!" ಅಂದರು.

ಕೆಳಗೆ ನೋಡಿದೆ. ಸಂಡಿಗೆಯಲ್ಲ, ಬ್ರೆಡ್ಡು. ಕೈಯಲ್ಲಿ ಮುರಿದ ಬ್ರೆಡ್ಡಿನ ಚೂರುಗಳು, ಒತ್ತೊತ್ತಾಗಿ, ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿದ್ದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಹಕ್ಕಿ, ಕಪ್ಪು, ಹೆದರುತ್ತೆ ಅಂತ ಅಭಿನಯ ಮಾಡಿ ತೋರಿಸಿದೆ. ಅವರು ಸೊಂಟ ಹಿಡಿದುಕೊಂಡು ನಕ್ಕರು. ಕೊಡೆ ಸಂಜೆಯ ತನಕ ಅಲ್ಲೇ ಇತ್ತು.

ಅವರು ಈಜಿಪ್ಟಿನವರು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು, ಮಕ್ಕಳಿರಲಿಲ್ಲ. ಇವರು ಸ್ಟೇಷನ್ನಿನ ಹತ್ತಿರದ ಒಂದು ಬ್ರೆಡ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅಕ್ಕ ಅಂತ ಕರೆಯತೊಡಗಿದೆ. ಅದು ನಮ್ಮ ಕಡೆ ಹೆಸರು ಹಿಡಿಯದೆ ಗೌರವ ಕೊಡುವ ರೀತಿ ಅಂದುಕೊಂಡು ಅವರ ಗಂಡನೂ ನನ್ನ ಮುಂದೆ "ಅಕ್ಕ ಮನೇಲಿಲ್ಲ" ಅನ್ನುತ್ತಿದ್ದರು. ಅವರು ನನ್ನನ್ನು ಹಬೀಬ್ತಿ ಅನ್ನುತ್ತಿದ್ದರು, ಅವರ ಭಾಷೆಯಲ್ಲಿ ಮುದ್ದಿನವಳೇ ಅನ್ನುವ ಹಾಗೆ. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಅದಕ್ಕೇ ಎರಡೂ ಜೊತೆಯಾಗಿ ಚೆನ್ನಾಗಿ ನಡೆದವು.

ಬ್ರೆಡ್ಡಿನ ವಿಷಯ ಹೀಗೆ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದನ್ನು ಬಾಗಿಲು ಹಾಕುವ ಹೊತ್ತಿಗೆ ತೊಟ್ಟಿಗೆ ಎಸೆಯಬೇಕು. ಮನೆಗೆ ಒಯ್ಯಕೂಡದು, ಯಾರಿಗೂ ಕೊಡಕೂಡದು, ಅದು ಯಜಮಾನನ ಕಟ್ಟಪ್ಪಣೆ. ಕೊಟ್ಟರೆ ನಾಳೆ ಯಾರು ದುಡ್ಡು ಕೊಟ್ಟು ತಗೋತಾರೆ ಅನ್ನುವುದು ಅವನ ಲೆಕ್ಕ. ಎಸೆಯುವ ಕೆಲಸ ಅಕ್ಕನದು. ಅವರು ತೊಟ್ಟಿಯ ತನಕ ಒಯ್ದು, ತೊಟ್ಟಿಗೆ ಹಾಕದೆ, ಶುದ್ಧವಾದ ಚೀಲಕ್ಕೆ ತುಂಬಿ ಮನೆಗೆ ತರುತ್ತಿದ್ದರು. ಅವರ ಜನ ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ತುಳಿಯುವುದಿಲ್ಲ. ಎತ್ತಿ, ಮುತ್ತಿಟ್ಟು, ಹಣೆಗೆ ಮುಟ್ಟಿಸಿ, ಎತ್ತರದಲ್ಲಿ ಎಲ್ಲಾದರೂ ಇಡುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಎಲೆಯಾಚೆ ಬಿದ್ದ ಅಗುಳನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು.

"ಇಷ್ಟೊಂದು ಏನು ಮಾಡ್ತೀರಕ್ಕ?" ಅಂತ ಕೇಳಿದೆ.

"ನನ್ನ ತಂಗಿಗೆ."

ತಂಗಿ ಕೈರೋದಲ್ಲಿ. ಗಂಡ ತೀರಿಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು. ಆ ದೇಶದಲ್ಲಿ ಮೂರು ಹೊತ್ತೂ ರೊಟ್ಟಿಯೇ. ನಮಗೆ ಅನ್ನ ಹೇಗೋ ಹಾಗೆ. ಆದರೆ ಅಷ್ಟು ಜನಕ್ಕೆ ಸಾಲುವಷ್ಟು ಗೋಧಿ ಅಲ್ಲಿ ಬೆಳೆಯುವುದಿಲ್ಲ. ಹಡಗಿನಲ್ಲಿ ಬರಬೇಕು, ಅದರಲ್ಲಿ ಎಷ್ಟೋ ಈ ಆಸ್ಟ್ರೇಲಿಯಾದಿಂದಲೇ ಬರಬೇಕು. ಹಡಗಿಗೆ ಡಾಲರ್ ಎಣಿಸಬೇಕು. ಅವರ ದುಡ್ಡಿನ ಬೆಲೆ ಆ ವರ್ಷಗಳಲ್ಲಿ ಇಳಿಯುತ್ತಾ ಹೋಯಿತು. ಅದೇ ಮೂಟೆ ಗೋಧಿಗೆ ಎರಡು ಪಟ್ಟು ದುಡ್ಡು. ರೊಟ್ಟಿಯ ಬೆಲೆ ಏರಿಸಿದರೆ ಜನ ಬೀದಿಗಿಳಿಯುತ್ತಾರೆ ಅಂತ ಹೆದರಿ ಸರ್ಕಾರ ರೊಟ್ಟಿಯನ್ನೇ ಸಣ್ಣದು ಮಾಡಿತು. ಮುಸುಕಿನ ಜೋಳದ ಹಿಟ್ಟು ಬೆರೆಸಿತು. ಆಮೇಲೆ ಬೆಲೆಯನ್ನೂ ಏರಿಸಿತು. ತಂಗಿ ಫೋನಿನಲ್ಲಿ ಹೇಳುತ್ತಿದ್ದಳಂತೆ: ಕ್ಯೂ ನಿಂತು ತಂದದ್ದು ಮನೆಗೆ ಬರುವಷ್ಟರಲ್ಲಿ ಪುಡಿಪುಡಿ, ಮಕ್ಕಳಿಗೆ ಚಮಚದಲ್ಲಿ ತಿನ್ನಿಸ್ತೀನಿ ಅಂತ.

"ದುಡ್ಡು ಕಳಿಸಬಾರದಾ?" ಅಂದೆ, ಬುದ್ಧಿವಂತಳ ಹಾಗೆ.

"ಕಳಿಸ್ತೀನಿ ಹಬೀಬ್ತಿ. ಅಂಗಡಿಯವನು ಹಿಟ್ಟಿಲ್ಲ ಅಂದ್ರೆ ನೋಟನ್ನ ಬೇಯಿಸ್ತಾಳಾ?"

ಹಾಗಾಗಿ ಒಣಗಿಸಿದ ಬ್ರೆಡ್ಡು. ಅವರ ಚರ್ಚಿನವರು ಯಾರಾದರೂ ಊರಿಗೆ ಹೊರಟರೆ ಅವರ ಸೂಟ್‌ಕೇಸಿನಲ್ಲಿ ಒಂದೊಂದು ಚೀಲ. ನೀರು ಚಿಮುಕಿಸಿ ಬಿಸಿ ಮಾಡಿದರೆ ಸಾಕು, ಮೆತ್ತಗಾಗುತ್ತದೆ. ನನಗೂ ಹೊತ್ತು ಹೋಗುತ್ತಿತ್ತು. ಮುರಿಯುವುದು, ತಿರುವಿ ಹಾಕುವುದು, ಹಕ್ಕಿ ಕಾಯುವುದು. ಊರಿನ ಮಹಡಿಯ ಮೇಲೆ ಅಮ್ಮನ ಜೊತೆ ಕೂತ ಹಾಗೇ ಅನ್ನಿಸುತ್ತಿತ್ತು.

ಆ ತಂಗಿಯ ಕ್ಯೂ ನನಗೆ ಹೊಸತಾಗಿರಲಿಲ್ಲ. ನಾನು ನಂಜನಗೂಡಿನಲ್ಲಿ ಸಣ್ಣ ಹುಡುಗಿಯಾಗಿದ್ದಾಗ ರೇಷನ್ ಅಂಗಡಿಯಲ್ಲಿ ಅಮೆರಿಕಾದ ಕೆಂಪು ಗೋಧಿ ಕೊಡುತ್ತಿದ್ದರು. ಅಮ್ಮ ನನ್ನ ಕೈಗೆ ಚೀಲ ಕೊಟ್ಟು ಸರತಿಯಲ್ಲಿ ನಿಲ್ಲಿಸಿ ತಾನು ನೀರು ಹಿಡಿಯಲು ಓಡುತ್ತಿದ್ದಳು. ಹಡಗು ಬಂತಂತೆ, ಬರಲಿಲ್ಲವಂತೆ ಅಂತ ದೊಡ್ಡವರು ಜಗಲಿಯಲ್ಲಿ ಮಾತಾಡುತ್ತಿದ್ದರು. ಸಮುದ್ರವನ್ನೇ ನೋಡದ ನಮಗೆ ಎಲ್ಲಿಯ ಹಡಗು! ಸೋಮವಾರ ರಾತ್ರಿ ಊಟ ಬಿಡಿ ಅಂತ ದೆಹಲಿಯಿಂದ ಕರೆ ಬಂದಾಗ ಅಮ್ಮ, "ಸದ್ಯ, ಸೋಮವಾರ ಹೇಗೂ ಶ್ರೀಕಂಠೇಶ್ವರನ ಉಪವಾಸ, ಪುಣ್ಯವೂ ಬಂತು" ಅಂದಳು. ಸಿಕ್ಕಿದ್ದರಲ್ಲಿ ದೇವರ ದಯೆ ಹುಡುಕುವುದನ್ನು ನಾನು ಅವಳಿಂದ ಕಲಿತೆ. ಆದರೆ ದೇವರ ದಯೆ ಬೇರೆ, ಮನುಷ್ಯರು ಮಾಡುವುದು ಬೇರೆ ಅಂತ ಟೂಂಗಾಬಿಯಲ್ಲಿ ಕಲಿತೆ.

ಅಕ್ಕನಿಗೆ ಬ್ರೆಡ್ಡು ಕಳಿಸಿ ಕಳಿಸಿ ಸಾಕಾಗಿತ್ತು. ಅವರಿಗೆ ಬೇಕಿದ್ದದ್ದು ತಂಗಿಯನ್ನೂ ಮಕ್ಕಳನ್ನೂ ಇಲ್ಲಿಗೇ ಕರೆಸಿಕೊಳ್ಳುವುದು. ಸ್ಪಾನ್ಸರ್ ಮಾಡಿ ವೀಸಾ ಆಫೀಸಿಗೆ ಅರ್ಜಿ ಹಾಕಿದ್ದರು. ಅದಕ್ಕೆ ಅಕ್ಕನ ಕೆಲಸ ಬಿಡದೆ ನಡೆಯಬೇಕು, ಬಂದವರ ಹೊಣೆ ನಾನು ಹೊರುತ್ತೇನೆ ಅಂತ ಸಂಬಳ ತೋರಿಸಬೇಕು. ಗಂಡನ ಟ್ಯಾಕ್ಸಿಯ ದುಡಿಮೆ ಕೆಲವು ವಾರ ಇರುತ್ತಿತ್ತು, ಕೆಲವು ವಾರ ಇರುತ್ತಿರಲಿಲ್ಲ. ಅದನ್ನು ಆಫೀಸಿನವರು ಒಪ್ಪುತ್ತಿರಲಿಲ್ಲ. ಎಲ್ಲ ನಿಂತಿದ್ದದ್ದು ಆ ಬ್ರೆಡ್ ಅಂಗಡಿಯ ಕೆಲಸದ ಮೇಲೆ. ತೊಂಬತ್ತೊಂದನೇ ಇಸವಿಯ ಹೊತ್ತಿಗೆ ಅರ್ಜಿ ಕೊನೆಯ ಹಂತಕ್ಕೆ ಬಂದಿತ್ತು. ಅಕ್ಕ ಹಿಂದಿನ ಕೋಣೆಗೆ ಸುಣ್ಣಬಣ್ಣ ಮಾಡಿಸಿ, ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಪುಟ್ಟ ಮಂಚ ತಂದು, ಗುಲಾಬಿ ಹೊದಿಕೆ ಹಾಸಿದರು. ನಾನು ನನ್ನ ಹಳೇ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಕಿಟಕಿಗೆ ಪರದೆ ಹೊಲಿದುಕೊಟ್ಟೆ.

ಆ ವರ್ಷ ಶ್ರಾವಣವೂ ಅವರ ಮೇರಿ ಮಾತೆಯ ಉಪವಾಸವೂ ಒಂದೇ ಹೊತ್ತಿಗೆ ಬಂದವು. ಅವರ ಉಪವಾಸದಲ್ಲಿ ಮಾಂಸ ಮೊಟ್ಟೆಯಿರಲಿ, ಹಾಲು ಮೊಸರು ತುಪ್ಪವೂ ಇಲ್ಲ. ಮಡಿಯಲ್ಲಿ ನನಗಿಂತ ಒಂದು ಕೈ ಹೆಚ್ಚು! ನಮ್ಮಲ್ಲಿ ಶನಿವಾರದ ಉಪವಾಸ ಅಂದರೆ ಅನ್ನ ಬಿಟ್ಟು ಗೋಧಿ ತಿನ್ನುವುದು ಅಂದಾಗ ಅಕ್ಕ ಹುಬ್ಬೇರಿಸಿದರು. "ಗೋಧಿ ತಿಂದರೆ ಅದು ಉಪವಾಸ ಹೇಗಾಗುತ್ತೆ? ಅದು ಹಬ್ಬ!" ನಾನು ಎಣ್ಣೆಯಲ್ಲಿ ಗೋಧಿ ರವೆ ಉಪ್ಪಿಟ್ಟು ಮಾಡಿದೆ, ಅವರು ಅವರೂರಿನ ಕಾಳು ಬೇಯಿಸಿ ನಿಂಬೆಹಣ್ಣು ಹಿಂಡಿದರು. ಆ ಶ್ರಾವಣದಷ್ಟು ಸಂತೋಷವಾಗಿ ನಾನು ಯಾವ ಶ್ರಾವಣವನ್ನೂ ಈ ದೇಶದಲ್ಲಿ ಕಳೆದಿಲ್ಲ. ಅದು ದೇವರು ಕೊಟ್ಟದ್ದು, ಇಲ್ಲ ಅನ್ನುವುದಿಲ್ಲ.

ಅದೇ ಶ್ರಾವಣದಲ್ಲಿ ಹಿಂದಿನ ಮನೆಯವನು ಇಲ್ಲಿನ ಮುನಿಸಿಪಾಲಿಟಿಯಾದ ಕೌನ್ಸಿಲ್ಲಿಗೆ ದೂರು ಕೊಟ್ಟ. ಬ್ರೆಡ್ಡಿಗೆ ಕಾಕಟೂ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ, ಅವನ ಮರದ ಬಾಗಿಲನ್ನೆಲ್ಲ ಕುಕ್ಕಿ ಹಾಳು ಮಾಡುತ್ತವೆ ಅಂತ. ಕೌನ್ಸಿಲ್ಲಿನಿಂದ ಒಬ್ಬ ಬಂದ. ಒಳ್ಳೆಯವನೇ, ಟೋಪಿ ತೆಗೆದು ಮಾತಾಡಿದ. ಇಷ್ಟೊಂದು ಬ್ರೆಡ್ಡು ಎಲ್ಲಿಂದ ಬಂತು ಅಂತ ಕೇಳಿದ. ಅಕ್ಕ ಅಂಗಡಿಯ ಹೆಸರು ಹೇಳಿದರು. ಅವರು ಕೊಟ್ಟರಾ ಅಂತ ಕೇಳಿದ. ಇಲ್ಲ, ಎಸೆಯಲು ಹೇಳಿದರು, ನಾನು ತಂದೆ ಅಂದರು. ಅವನು ಬರೆದುಕೊಂಡು ಹೋದ.

"ಕೊಂಡುಕೊಂಡೆ ಅಂತ ಹೇಳಿಬಿಡಬಾರದಿತ್ತಾ ಅಕ್ಕ!" ಅಂತ ನಾನು ತಲೆ ಚಚ್ಚಿಕೊಂಡೆ.

"ಉಪವಾಸದಲ್ಲಿ ಬಾಯಿಗೆ ಹಾಲು ಹಾಕಲ್ಲ. ಸುಳ್ಳು ಹಾಕ್ಲಾ?"

ಕೌನ್ಸಿಲ್ಲಿನವರು ಅಂಗಡಿಗೆ ಫೋನ್ ಮಾಡಿದರು. ಮಾರನೇ ದಿನವೇ ಯಜಮಾನ ಅಕ್ಕನನ್ನು ಕೆಲಸದಿಂದ ತೆಗೆದ. ಕಳ್ಳತನ ಅಂದ. ಪೊಲೀಸಿಗೆ ಕೊಡದೆ ಬಿಡುತ್ತಿರುವುದೇ ನನ್ನ ದೊಡ್ಡತನ ಅಂದ. ಆಮೇಲಿಂದ ಅವನ ಅಂಗಡಿಯಲ್ಲಿ ಉಳಿದ ಬ್ರೆಡ್ಡಿನ ಮೇಲೆ ನೆಲ ಒರೆಸುವ ನೀಲಿ ದ್ರಾವಣ ಸುರಿದು ಎಸೆಯುತ್ತಿದ್ದರು, ಯಾರೂ ಎತ್ತಿಕೊಳ್ಳಬಾರದು ಅಂತ. ಒಂದು ದಿನ ತರಕಾರಿ ತರಲು ಆ ದಾರಿಯಲ್ಲಿ ಹೋದಾಗ ನಾನೇ ಕಣ್ಣಾರೆ ನೋಡಿದೆ. ತೊಟ್ಟಿಯ ತುಂಬ ನೀಲಿ ಬ್ರೆಡ್ಡು... ಯಾರಿಗೂ ಉಪಯೋಗವಿಲ್ಲದ್ದನ್ನು ತೆಗೆದುಕೊಂಡದ್ದು ಕಳ್ಳತನವಾದರೆ, ತಿನ್ನುವ ಪದಾರ್ಥಕ್ಕೆ ವಿಷ ಹಾಕುವುದಕ್ಕೆ ಏನಂತ ಹೆಸರು? ಆ ಪ್ರಶ್ನೆಯನ್ನು ನಾನು ಇವತ್ತಿಗೂ ಕೇಳುತ್ತಿದ್ದೇನೆ.

ಕೆಲಸ ಹೋಯಿತು. ಅರ್ಜಿಯ ಕಥೆ ಏನು? ಆಫೀಸಿನಲ್ಲಿ ಒಬ್ಬರು ದಾರಿ ಹೇಳಿದರು: ಬೇಗ ಇನ್ನೊಂದು ಕೆಲಸ ಹಿಡಿಯಿರಿ, ಹಳೇ ಕೆಲಸ ಯಾಕೆ ಹೋಯಿತು ಅನ್ನುವುದಕ್ಕೆ ನಿಮ್ಮ ನಡತೆ ಬಲ್ಲ ಗೌರವಸ್ಥರೊಬ್ಬರು ನಾಲ್ಕು ಸಾಲು ಬರೆದುಕೊಟ್ಟರೆ ನೋಡಬಹುದು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅಕ್ಕನಿಗೆ ಕೆಲಸ ಸಿಗುವ ಹಾಗಿತ್ತು. ನಾಲ್ಕು ಸಾಲು ಯಾರ ಹತ್ತಿರ ಬರೆಸುವುದು? ಅವರ ಪಾದ್ರಿಗಳು ಊರಿಗೆ ಹೋಗಿದ್ದರು, ಬರುವುದು ತಡವಾಗುತ್ತಿತ್ತು. ನನಗೆ ಹೊಳೆದದ್ದು ನಮ್ಮ ಡಾಕ್ಟರ್ ಅಂಕಲ್.

ಕಾಯಿಲೆಯ ಡಾಕ್ಟರಲ್ಲ, ಅರ್ಥಶಾಸ್ತ್ರದ ಡಾಕ್ಟರು. ಪ್ಯಾರಮಟ್ಟಾದಲ್ಲಿ ದೊಡ್ಡ ಮನೆ. ಸಿಡ್ನಿಯ ಕನ್ನಡದವರಿಗೆಲ್ಲ ಹಿರಿಯರು. ಕಾಗದಪತ್ರಕ್ಕೆ ಸಾಕ್ಷಿ ಹಾಕಲು ಸರ್ಕಾರ ಅಧಿಕಾರ ಕೊಟ್ಟಿತ್ತು. ಇಲ್ಲೇ ನೆಲೆಸಲು ಬೇಕಾದ ನಮ್ಮವರ ಎಷ್ಟೋ ಪಿಆರ್ ಕಾಗದಗಳಿಗೆ ಅವರ ಸಹಿಯೇ. ನಮ್ಮ ಮನೆಗೂ ಬಂದಿದ್ದರು, ಅಕ್ಕನ ಕೈಯ ತಿಂಡಿ ಹೊಗಳಿ ತಿಂದಿದ್ದರು. ಫೋನ್ ಮಾಡಿದೆ. "ಶನಿವಾರ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ, ಕರ್ಕೊಂಡ್ ಬಾರಮ್ಮ, ನೋಡೋಣ" ಅಂದರು.

ಅಕ್ಕ ತಮ್ಮ ಒಳ್ಳೆಯ ಗೌನು ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದರು. ಕಥೆ ಓದುವಷ್ಟು ಹೊತ್ತೂ ಕೈ ಜೋಡಿಸಿ ಕೂತಿದ್ದರು. ಮಂಗಳಾರತಿ ಆಯಿತು. ಗಂಡಸರೆಲ್ಲ ಸೋಫಾದ ಮೇಲೆ ಸೇರಿದರು. ನಮ್ಮ ದೇಶದ ರೂಪಾಯಿಯ ಬೆಲೆಯನ್ನು ಆಗತಾನೆ ಇಳಿಸಿದ್ದರು. ಸರ್ಕಾರ ಚಿನ್ನ ಅಡವಿಟ್ಟ ಸುದ್ದಿ ಎಲ್ಲರ ಬಾಯಲ್ಲಿತ್ತು. ನಾನು ದುಃಖದ ಮಾತು ಕೇಳುತ್ತೇನೆ ಅಂದುಕೊಂಡಿದ್ದೆ.

"ಈಗ ಬಿಟ್ರೆ ಮತ್ತೆ ಸಿಗಲ್ಲ ಸಾರ್. ಜಯನಗರದಲ್ಲಿ ಸೈಟು ಅಂದ್ರೆ ಕಣ್ಮುಚ್ಕೊಂಡು ತಗೊಳ್ಳಿ."

"ನಾನು ಮೈಸೂರಲ್ಲಿ ಎರಡು ಹಿಡಿದೆ. ಡಾಲರ್ ಕಳಿಸಿದ್ದೇ ತಡ, ಒಂದರ ದುಡ್ಡಲ್ಲಿ ಒಂದೂವರೆ ಬಂತು ನೋಡಿ!"

"ಇನ್ನೊಂದು ಸಲ ಬೀಳಲಿ, ನಾನು ಮಾಲ್ ಕಟ್ಟಿಸ್ತೀನಿ" ಅಂತ ಇನ್ನೊಬ್ಬರು. ನಗು.

ನನ್ನ ತಮ್ಮ ಆಗ ನಂಜನಗೂಡಿನಲ್ಲಿ ಸೀಮೆಎಣ್ಣೆಗೆ ಅಲೆಯುತ್ತಿದ್ದ. ಬಾಯಿ ಬಿಗಿಹಿಡಿದೆ. ನಮ್ಮ ಕೆಲಸ ಆಗಬೇಕಿತ್ತಲ್ಲ.

ಅಂಕಲ್ ಅಕ್ಕನ ವಿಷಯವನ್ನು ಎಲ್ಲರ ಮುಂದೆಯೇ ತೆಗೆದರು. ಅಕ್ಕನ ಹತ್ತಿರ ಇಂಗ್ಲಿಷಿನಲ್ಲಿ ನಗುನಗುತ್ತಾ ಮಾತಾಡಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನೋಡಮ್ಮ, ಎಸೆದಿದ್ದಾದರೂ ಮಾಲೀಕನದು ಮಾಲೀಕನದೇ. ನಾನು ಹೇಗೆ ಸಹಿ ಹಾಕಲಿ? ಇವರ ದೇಶ ಇದೆಯಲ್ಲ, ರೊಟ್ಟಿಗೆ ಸಬ್ಸಿಡಿ ಕೊಟ್ಟು ಕೊಟ್ಟೇ ಕೆಟ್ಟಿದ್ದು. ಈಗ ಕರೆನ್ಸಿ ಬಿದ್ದಿದ್ದು ಒಳ್ಳೇದೇ ಆಯ್ತು. ಸ್ವಲ್ಪ ದಿನ ಕಷ್ಟ ಆಗುತ್ತೆ, ಅಡ್ಜಸ್ಟ್ ಆಗುತ್ತೆ."

"ಯಾರು ಅಂಕಲ್ ಅಡ್ಜಸ್ಟ್ ಆಗೋದು? ಅವರ ತಂಗಿ ಮಕ್ಕಳಾ?" ಅಂದೆ.

"ಇದು ಭಾವನೆಯ ವಿಷಯ ಅಲ್ಲಮ್ಮ."

ಅಷ್ಟು ಹೊತ್ತಿಗೆ ಆಂಟಿ ಪ್ರಸಾದದ ತಟ್ಟೆ ತಂದರು. ಗೋಧಿ ರವೆ, ಸಕ್ಕರೆ, ಹಾಲು, ತುಪ್ಪ, ಬಾಳೆಹಣ್ಣು. ಅಕ್ಕ ಎರಡೂ ಕೈಯೊಡ್ಡಿ ಇಸಕೊಂಡರು, ಮುತ್ತಿಟ್ಟು ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ ಮೆಲ್ಲಗೆ, "ನನಗೆ ಉಪವಾಸ, ಹಾಲು ತುಪ್ಪ ಇಲ್ಲ. ಮುಗಿದ ದಿನ ತಿಂತೀನಿ" ಅಂತ ಹೇಳಿ ಶುಭ್ರವಾದ ಕರವಸ್ತ್ರದಲ್ಲಿ ಕಟ್ಟಿಕೊಂಡರು. ನಮ್ಮ ದೇವರ ಪ್ರಸಾದಕ್ಕೆ ಅದಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟವರನ್ನು ನಾನು ನೋಡಿಲ್ಲ.

ಆಂಟಿ ಮುಖ ಸಿಂಡರಿಸಿದರು. "ನಮ್ಮ ದೇವರ ಪ್ರಸಾದ ಇವರಿಗೆ ಆಗಲ್ವಂತೆ ಕಣ್ರೀ!"

"ಕದ್ದ ಬ್ರೆಡ್ಡು ಆಗುತ್ತೆ, ಪ್ರಸಾದ ಆಗಲ್ಲ" ಅಂದರು ಅಂಕಲ್.

ಎಲ್ಲರೂ ನಕ್ಕರು. ಅಕ್ಕನಿಗೆ ಕನ್ನಡ ಬರುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ, ತಾನು ನಗದಿದ್ದರೆ ಮರ್ಯಾದೆಯಲ್ಲ ಅಂತ ಅವರೂ ನಕ್ಕರು. ನನ್ನ ಮುಖ ನೋಡಿಕೊಂಡು, ನಾನೂ ನಗಲಿ ಅಂತ ಕಾಯುತ್ತಾ ನಕ್ಕರು...

ನನ್ನ ಕೈಯಲ್ಲಿ ಪ್ರಸಾದದ ಬಟ್ಟಲಿತ್ತು. ಸತ್ಯನಾರಾಯಣನ ಕಥೆ ಕೇಳಿದ ಯಾರನ್ನು ಬೇಕಾದರೂ ಕೇಳಿ, ಪ್ರಸಾದ ಬಿಟ್ಟು ಎದ್ದವರಿಗೆ ಏನಾಗುತ್ತೆ ಅಂತ ಹೇಳುತ್ತಾರೆ. ಚಿಕ್ಕಂದಿನಿಂದ ಆ ಹೆದರಿಕೆಯಲ್ಲೇ ಬೆಳೆದವಳು, ಜ್ವರದಲ್ಲೂ ನಾಲಿಗೆಗೆ ಮುಟ್ಟಿಸದೆ ಎದ್ದವಳಲ್ಲ. ಅವತ್ತು ಆ ಬಟ್ಟಲನ್ನು ಅಂಕಲ್ಲಿನ ಮುಂದಿನ ಟೀಪಾಯಿಯ ಮೇಲೆ ಇಟ್ಟೆ.

"ಇದನ್ನೂ ನೀವೇ ತಗೊಳ್ಳಿ ಅಂಕಲ್. ಮಾಲೀಕರದು ಮಾಲೀಕರಿಗೇ ಇರಲಿ. ಅಕ್ಕ, ಏಳಿ."

ಅಕ್ಕನನ್ನು ಅವರ ಮನೆಗೆ ಇಳಿಸಿದ ಮೇಲೆ ನಮ್ಮೆಜಮಾನರು, "ಪ್ರಸಾದ ಬಿಡಬಾರದಿತ್ತು ಕಣೇ" ಅಂದರು. ಮನುಷ್ಯ ಒಳ್ಳೆಯವರು, ನನಗಾಗಿ ಹೆದರಿದ್ದರು. "ಆ ಮನೇದು ನನಗೆ ಇಳಿಯಲ್ಲ" ಅಂದೆ. ಇವತ್ತಿನ ತನಕ ಅದಕ್ಕೆ ತಪ್ಪುಕಾಣಿಕೆ ಹಾಕಿಲ್ಲ. ಹಾಕುವುದೂ ಇಲ್ಲ. ಸತ್ಯನಾರಾಯಣ ಅಂತ ಹೆಸರಿಟ್ಟುಕೊಂಡವನಿಗೆ ಸತ್ಯ ಯಾವ ಕಡೆ ಇತ್ತು ಅಂತ ಗೊತ್ತಿರು‌ತ್ತದೆ.

ಬೇರೆ ಇಬ್ಬರು ಮೂವರನ್ನು ಕೇಳಿದೆವು. ಅಂಕಲ್ ಹಾಕದ ಸಹಿ ನಾವು ಹೇಗೆ ಹಾಕೋದು ಅಂದರು. ಪಾದ್ರಿಗಳು ವಾಪಸ್ಸು ಬಂದು ಬರೆದುಕೊಡುವಷ್ಟರಲ್ಲಿ ಗಡುವು ದಾಟಿತ್ತು. ಅರ್ಜಿ ತಳ್ಳಿಹಾಕಿದರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಆದರೆ ಹೊಸ ಅರ್ಜಿಗೆ ಮತ್ತೆ ಮೊದಲಿನಿಂದ ಕಾಯಬೇಕು. ಆ ಎರಡು ಮಂಚಗಳ ಮೇಲೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಜೋಡಿಸಿಡತೊಡಗಿದರು. ಅಂಗಳದಲ್ಲಿ ಹಾಸಿಗೆ ಬಟ್ಟೆ ಹಾಸುವುದು ನಿಂತುಹೋಯಿತು. ನಾವು ಬೇಲಿಯ ಸಂದಿಯಲ್ಲಿ ಮಾತಾಡುವುದು ನಿಲ್ಲಲಿಲ್ಲ. ಅಷ್ಟು ಭಾಗ್ಯ ಉಳಿಯಿತು.

ತೊಂಬತ್ತರ ದಶಕದ ನಡುವೆ ಇವರಿಗೆ ಮೆಲ್ಬರ್ನಿಗೆ ವರ್ಗವಾಯಿತು. ನಾವು ಇತ್ತ ಬಂದ ಮರುವರ್ಷ ಅಕ್ಕ ಮತ್ತು ಅವರ ಗಂಡ ಬಸ್ಸಿನಲ್ಲಿ ಸಿಡ್ನಿಯಿಂದ ಬಂದರು. ಸುಮ್ಮನೆ ನೋಡಲು ಬಂದಿದ್ದಾರೆ ಅಂತ ಹಿಗ್ಗಿದೆ. ಒಬ್ಬಟ್ಟು ಮಾಡಿದೆ. ಊಟವಾದ ಮೇಲೆ ಅಕ್ಕ, "ಹಬೀಬ್ತಿ, ನಾವು ಊರಿಗೆ ಹೋಗ್ತಿದೀವಿ. ವಾಪಸ್ ಬರಲ್ಲ" ಅಂದರು.

"ಹುಚ್ಚಾ ಅಕ್ಕ? ಜನ ಇಲ್ಲಿ ಇರೋಕ್ಕೆ ಹೊಡೆದಾಡ್ತಾರೆ!"

"ಅವಳು ಇಲ್ಲಿಗೆ ಬರೋಕ್ಕೆ ಎಷ್ಟು ಜನರ ಸಹಿ ಬೇಕಿತ್ತು, ನೋಡಿದೆಯಲ್ಲ. ನಾನು ಅಲ್ಲಿಗೆ ಹೋಗೋಕ್ಕೆ ಯಾರ ಸಹಿಯೂ ಬೇಡ."

ತಂಗಿಗೆ ಮೈ ಸರಿಯಿರಲಿಲ್ಲವಂತೆ. ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸಿ ಯಾರದೋ ಮನೆಗೆಲಸಕ್ಕೆ ಕಳಿಸಿದ್ದರಂತೆ.

ಮಾರನೇ ದಿನ ಅವರನ್ನು ಸಮುದ್ರ ತೋರಿಸೋಣ ಅಂತ ಜೀಲಾಂಗ್ ಕಡೆ ಕರೆದುಕೊಂಡು ಹೋದೆವು. ಬಂದರಿನ ಹತ್ತಿರ ಎತ್ತರೆತ್ತರದ ಸಿಮೆಂಟಿನ ಕಣಜಗಳು, ಪಕ್ಕದಲ್ಲಿ ಹಡಗು. ಮೇಲಿನಿಂದ ಕೊಳವೆಯಲ್ಲಿ ಗೋಧಿ ಸುರಿಯುತ್ತಿತ್ತು, ಗಾಳಿಯಲ್ಲೆಲ್ಲ ಹಳದಿ ಧೂಳು. ಅಕ್ಕ ಕಾರು ನಿಲ್ಲಿಸಲು ಹೇಳಿದರು. ತಂತಿಬೇಲಿಯ ಹತ್ತಿರ ಒಬ್ಬ ಕೆಲಸಗಾರ ಸಿಗರೇಟು ಸೇದುತ್ತಾ ನಿಂತಿದ್ದ.

"ಈ ಹಡಗು ಈಜಿಪ್ಟಿಗೆ ಹೋಗುತ್ತಾ?" ಅಂತ ಕೇಳಿದರು.

"ಗೊತ್ತಿಲ್ಲ ಲವ್" ಅಂದ ಅವನು, ಇಲ್ಲಿಯವರು ಯಾವ ಹೆಂಗಸನ್ನಾದರೂ ಕರೆಯುವ ಹಾಗೆ. "ದುಡ್ಡು ಕೊಟ್ಟವರ ಕಡೆಗೆ ಹೋಗುತ್ತೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ.

ರಸ್ತೆಯ ಮೇಲೆಲ್ಲ ಲಾರಿಗಳಿಂದ ಸೋರಿದ ಗೋಧಿ ಬಿದ್ದಿತ್ತು. ಕೊಬ್ಬಿದ ಪಾರಿವಾಳಗಳು ತಿಂದು ತಿಂದು ಹಾರಲಾರದೆ ಓಡಾಡುತ್ತಿದ್ದವು. ಒಂದು ಚೂರು ಬಿದ್ದರೂ ಬಗ್ಗಿ ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದ ನಮ್ಮಕ್ಕ ಆ ದಿನ ಬಗ್ಗಲಿಲ್ಲ. ಆ ಕಾಳುಗಳ ಮೇಲೆಯೇ ನೆಟ್ಟಗೆ ನಡೆದುಕೊಂಡು ಬಂದು ಕಾರಿನಲ್ಲಿ ಕೂತರು. ಚಪ್ಪಲಿಯ ಕೆಳಗೆ ಕಾಳು ಪುಡಿಯಾಗುವ ಸದ್ದು ನನಗೆ ಕೇಳಿಸಿತು. ನನ್ನ ಸಿಟ್ಟೆಲ್ಲ ಒಂದು ಕಡೆ, ಅವರ ಆ ನಡಿಗೆ ಒಂದು ಕಡೆ.

ಅವರು ಹೋದ ಮೇಲೆ ಸ್ವಲ್ಪ ಕಾಲ ಹಬ್ಬಕ್ಕೊಮ್ಮೆ ಫೋನ್ ಬರುತ್ತಿತ್ತು. ತಂಗಿ ಹೇಗಿದ್ದಾಳೆ ಅಂದರೆ, ದೇವರು ದೊಡ್ಡವನು ಅನ್ನುತ್ತಿದ್ದರು. ಅದು ಉತ್ತರವೋ, ಮಾತು ಮುಗಿಸುವ ರೀತಿಯೋ ತಿಳಿಯುತ್ತಿರಲಿಲ್ಲ. ಒಂದು ದೀಪಾವಳಿಗೆ ನಾನೇ ಮಾಡಿದೆ. ಆ ನಂಬರಿನಲ್ಲಿ ಬೇರೆ ಯಾರೋ ಗಂಡಸು ಅರಬ್ಬಿಯಲ್ಲಿ ಏನೋ ಹೇಳಿ ಇಟ್ಟುಬಿಟ್ಟ. ಅಲ್ಲಿಗೆ ಮುಗಿಯಿತು.

ಡಾಕ್ಟರ್ ಅಂಕಲ್ ಹೋಗಿ ವರ್ಷಗಳಾದವು. ಎಲ್ಲರೂ ಹೊಗಳಿ ಬರೆದರು. ಜಯನಗರದವರು ಮೈಸೂರಿನವರು ಎಲ್ಲರ ಸೈಟುಗಳೂ ಕೋಟಿಗೆ ಏರಿದವು. ನನಗೂ ದೇವರು ಕಡಿಮೆ ಮಾಡಿಲ್ಲ. ಮಾರ್ಟ್‌ಗೇಜ್ ತೀರಿದ ಮನೆ, ಮೈಯಲ್ಲಿ ಕಸುವು, ಅಮ್ಮಾ ಅನ್ನುವ ಸೊಸೆ. ದಿನಾ ಎಣಿಸಿ ಕೈ ಮುಗಿಯುತ್ತೇನೆ. ಎಣಿಸುವಾಗ ಒಂದು ಕಡೆ ಬಂದು ನಿಲ್ಲುತ್ತದೆ ಲೆಕ್ಕ.

ಬ್ರೆಡ್ಡಿನ ವಾಸನೆ ಬಂದ ಆ ವಾರ ದೇವಸ್ಥಾನಕ್ಕೆ ಹೋದೆ. ಅರ್ಚನೆ ಚೀಟಿ ತೆಗೆದುಕೊಂಡೆ. ಹೊಸ ಅರ್ಚಕರು, ಚಿಕ್ಕ ವಯಸ್ಸಿನವರು. ಅಕ್ಕನ ನಿಜವಾದ ಹೆಸರು ಹೇಳಿದೆ. ತಲೆಯೆತ್ತಿ ನೋಡಿದರು.

"ಗೋತ್ರ ಅಮ್ಮಾ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಕಾಶ್ಯಪ ಅಂತ ಹೇಳ್ತೀವಿ, ಆಗಬಹುದಾ? ನಕ್ಷತ್ರ?"

"ಅದೂ ಗೊತ್ತಿಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು."

ಅವರು ಒಂದು ಕ್ಷಣ ನನ್ನ ವಯಸ್ಸನ್ನು ಅಂದಾಜು ಮಾಡಿದರು ಅನ್ನಿಸುತ್ತೆ. ಧ್ವನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ ಅಮ್ಮಾ. ಅರ್ಚನೆ ಇರೋರಿಗೆ ಮಾತ್ರ ಮಾಡೋದು. ಅವರು... ಇದಾರಲ್ವಾ?"

ನನ್ನ ಹಿಂದೆ ಸರತಿ ಬೆಳೆದಿತ್ತು. ಯಾರದೋ ಮಗು ಅಳುತ್ತಿತ್ತು. ಈ ಪ್ರಶ್ನೆಗೆ ಉತ್ತರ ಕೊಡಲು ಈ ಭೂಮಿಯ ಮೇಲೆ ನನಗೆ ಒಬ್ಬರೂ ಇಲ್ಲ. ಯಾರಿಗೆ ಫೋನ್ ಮಾಡಲಿ, ಯಾವ ಬಾಗಿಲು ತಟ್ಟಲಿ? ಅವರ ತಂಗಿಯ ಹೆಸರನ್ನಂತೂ ನಾನು ಕೇಳಿಯೇ ಇರಲಿಲ್ಲ.

"ಸುಮ್ಮನೆ ಮಾಡಿ" ಅಂದೆ. ಎಷ್ಟು ಗಟ್ಟಿಯಾಗಿ ಅಂದೆ ಅಂತ ಆಮೇಲೆ ಗೊತ್ತಾಯಿತು. ಸರತಿಯವರೆಲ್ಲ ತಿರುಗಿ ನೋಡಿದರು. ಅರ್ಚಕರು ಒಳಗೆ ಹೋದರು. ಕಾಶ್ಯಪ ಗೋತ್ರದ ಆ ಈಜಿಪ್ಟಿನ ಹೆಸರು ಗರ್ಭಗುಡಿಯೊಳಗಿನಿಂದ ಒಂದು ಸಲ ಕೇಳಿಸಿತು. ಆಮೇಲೆ ಗಂಟೆ ಹೊಡೆದರು.